ಪೆನ್ಸಿಲ್ಲಿನಲ್ಲಿ ಬರೆದ ಊರು

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ತಪ್ಪಾಯಿತು ಎಂದುಬಿಡುತ್ತೇನೆ. ಹೇಳುವ ಹಕ್ಕಿದ್ದವನು ಬೇರೊಬ್ಬನಿದ್ದಾನೆ. ಅವನು ಹೇಳಲಿಲ್ಲ, ಹೇಳುತ್ತಾನೆಂದು ನನಗೆ ಅನ್ನಿಸುವುದೂ ಇಲ್ಲ. ನಾನು ಓದಿದ್ದು ಗುಲಬರ್ಗಾದ ಸಂಜೆ ಕಾಲೇಜಿನಲ್ಲಿ. ಹಗಲೆಲ್ಲ ಅರಿವೆ ಅಂಗಡಿಯಲ್ಲಿ ಥಾನು ಬಿಚ್ಚಿ ಸುತ್ತಿ, ಸಂಜೆ ಕೊನೆಯ ಬೆಂಚಿನಲ್ಲಿ ನಿದ್ದೆ ತಡೆಯುತ್ತ ಬಿ.ಕಾಂ. ಮುಗಿಸಿದವನಿಗೆ ಕತೆ ಕಟ್ಟುವುದು ಹೇಗೆಂದು ಯಾರೂ ಹೇಳಿಕೊಟ್ಟಿಲ್ಲ. ‘ನಾನು’ ಎಂದು ಬರೆಯಲು ನಾಲ್ಕು ಸಲ ಕೂತೆ. ನಾಲ್ಕು ಸಲವೂ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ವಾಕ್ಯಗಳು ನನ್ನ ಪರವಾಗಿ ವಕೀಲಿಕೆ ಮಾಡತೊಡಗಿದವು. ಆದ್ದರಿಂದ ‘ಅವನು’ ಎನ್ನುತ್ತೇನೆ. ಹೆಸರು ಚಂದ್ರಾಮಪ್ಪ. ಅದು ನನ್ನದೇ ಹೆಸರು, ಅದನ್ನು ಬದಲಿಸುವಷ್ಟು ಧೈರ್ಯವೂ ನನಗಿಲ್ಲ.

1997ರ ಮಾರ್ಚಿನ ಒಂದು ಶುಕ್ರವಾರ, ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ, ಚಂದ್ರಾಮಪ್ಪ ಕಂಪ್ಯೂಟರಿನ ಪರದೆಗೆ ಮೂಗು ತಾಗುವಷ್ಟು ಬಾಗಿ ಕಿಣ್ಣಿ ಸುಲ್ತಾನಕ್ಕೆ ಮುತ್ತಿಗೆ ಹಾಕುತ್ತಿದ್ದ. ಆಳಂದದ ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮೇಲಿದ್ದ ಒಂದೇ ಕೋಣೆಯ ಕಂಪ್ಯೂಟರ್ ಸೆಂಟರು ಅದು. ಕೆಳಗಿನ ಚೀಲಗಳ ಖಾರವಾಸನೆ ಮೆಟ್ಟಿಲೇರಿ ಬಂದು ಕೂತ ಕುರ್ಚಿಗೂ ಹತ್ತಿತ್ತು. ಬಾಗಿಲ ಹೊರಗೆ, ಕೋಣೆಗೆ ಬೆನ್ನು ಹಾಕಿ, ಅವನ ಜೊತೆ ಕೆಲಸ ಮಾಡುವ ಹುಲೆಪ್ಪ ಮೆಟ್ಟಿಲ ಮೇಲೆ ಕೂತಿದ್ದ. ಕಿಣ್ಣಿ ಸುಲ್ತಾನ ಹುಲೆಪ್ಪನ ಊರು. ಆಟದೊಳಗೆ ಅದೇ ಹೆಸರು ಹೊತ್ತ ಊರು ಮಂಗಳವಾರದವರೆಗೆ ಚಂದ್ರಾಮಪ್ಪನದಾಗಿತ್ತು. ಮಂಗಳವಾರ ಅದು ತಾನಾಗಿ ಹುಲೆಪ್ಪನ ಕಡೆ ಹೋಗಿತ್ತು. ಆವತ್ತಿನಿಂದ ಚಂದ್ರಾಮಪ್ಪನಿಗೆ ರೊಟ್ಟಿ ಸರಿಯಾಗಿ ಗಂಟಲಲ್ಲಿ ಇಳಿದಿರಲಿಲ್ಲ.

“ಅಣ್ಣಾರ, ಆತೇನ್ರಿ? ಬೆನ್ನಿಗಿ ಬಿಸಲು ಹತ್ತಾಕತ್ತದ.”

“ತಡಿಯಲೇ, ಒಂದ ನಿಮಿಷ.”

“ನಿಮ್ಮ ಒಂದ ನಿಮಿಷದಾಗ ನಾ ಊರಿಗಿ ಹೋಗಿ ಉಂಡು ಬರಬಹುದ್ರಿ.”

ಕೆಳಗೆ ಚಹಾ ಮಾರುವ ಸುಲ್ತಾನಬಿ ನಕ್ಕಿದ್ದು ಕೇಳಿಸಿತು. “ಹುಲೆಪ್ಪಾ, ನಿನ್ನ ಜಂಗ್ ಇನ್ನಾ ಖತಮ್ ಆಗಿಲ್ಲೇನೋ?” ಎಂದಳು. “ನಮ್ಮ ಅಣ್ಣಾರು ಸೋಲಾಕ ಟೈಮ್ ತಗೋತಾರ ಬೂಬೂ” ಎಂದ ಹುಲೆಪ್ಪ. ಇಡೀ ಬಸ್‌ಸ್ಟ್ಯಾಂಡು ಅದನ್ನು ಕೇಳಿತೆಂದು ಚಂದ್ರಾಮಪ್ಪನಿಗೆ ಅನ್ನಿಸಿತು. ಅವನು ಒಂದು ತೋಪನ್ನು ಊರಿನ ತೆಂಕಣ ಬಾಗಿಲಿಗೆ ತಂದು ನಿಲ್ಲಿಸಿದ.

ಆಟ ತಂದವನು ಹುಲೆಪ್ಪನೇ, ಗುಲಬರ್ಗಾದ ಹಾಸ್ಟೆಲಿನ ಗೆಳೆಯನಿಂದ, ಒಂದು ಫ್ಲಾಪಿಯಲ್ಲಿ. ಅದರೊಳಗೆ ಹಲವು ಯುದ್ಧಗಳಿದ್ದರೂ ಇವರು ಆಡಿದ್ದು ಒಂದನ್ನೇ. ಒಂದು ರಾಜ್ಯದ ದೊರೆ ಸಾಯುತ್ತಾನೆ. ರಾಜ್ಯ ಎರಡು ಹೋಳಾಗುತ್ತದೆ. ನಿನ್ನೆಯವರೆಗೆ ಒಂದಕ್ಕೊಂದು ಕಾಳುಕಡಿ ಕಳಿಸುತ್ತಿದ್ದ ಊರುಗಳು ನೀಲಿ, ಕೆಂಪು ಎಂದು ಒಡೆದು ಒಂದನ್ನೊಂದು ಮುತ್ತುತ್ತವೆ. ಇಬ್ಬರೂ ಒಂದೇ ಯಂತ್ರದ ಮುಂದೆ ಸರದಿಯಂತೆ ಕೂಡಬೇಕು. ತನ್ನ ಸರದಿಯಲ್ಲಿ ಸಿಪಾಯಿಗಳನ್ನು ನಡೆಸಬಹುದು, ಬೆಳೆ ಬೆಳೆಯಬಹುದು, ಒಂದೂರಿನ ಕಾಳನ್ನು ಇನ್ನೊಂದೂರಿಗೆ ಸಾಗಿಸಬಹುದು. ಮುಗಿಯಿತೆಂದು ಒತ್ತಿದರೆ ಪರದೆ ಕಪ್ಪಾಗಿ, ಇನ್ನೊಬ್ಬ ಬಂದು ಕೂತು ಯಾವುದಾದರೊಂದು ಕೀಲಿ ಒತ್ತಲಿ ಎಂದು ಇಂಗ್ಲಿಷಿನಲ್ಲಿ ಬರೆದು ತೋರಿಸುತ್ತಿತ್ತು. ಒಬ್ಬ ಆಡುವಾಗ ಇನ್ನೊಬ್ಬ ನೋಡಬಾರದು. ಹುಲೆಪ್ಪ ತನ್ನ ಪಾಲಿನ ಕಾಯುವಿಕೆಯನ್ನು ಮೆಟ್ಟಿಲ ಮೇಲೆ ಕಳೆಯುತ್ತಿದ್ದ. ಚಂದ್ರಾಮಪ್ಪ ಹೊರಗೆ ಕೂಡುತ್ತಿರಲಿಲ್ಲ. ಹುಲೆಪ್ಪ ಒಳಗೆ ಕುರ್ಚಿಯಲ್ಲಿ, ತಾನು ಹೊರಗೆ ಮೆಟ್ಟಿಲ ಮೇಲೆ. ತನ್ನ ಊರಾದ ಮಾದನಹಿಪ್ಪರಗಾದಿಂದ ಸಂತೆಗೆ ಬಂದ ಯಾರಾದರೂ ಅದನ್ನು ನೋಡಿದರೆ ಅಪ್ಪನ ಕಿವಿಗೆ ಸಂಜೆಯೊಳಗೆ ಮುಟ್ಟುತ್ತದೆ. ಅದಕ್ಕೇ ಅವನು ಕೋಣೆಯೊಳಗೇ ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದ, ಲೆಕ್ಕ ತಪ್ಪಿ ಮಾಸ್ತರರಿಂದ ಬೈಸಿಕೊಂಡವನ ಹಾಗೆ. ಅಪ್ಪ ದಿನವೂ ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ, ಹುಟ್ಟಿನಿಂದ ಯಾರೂ ಮೇಲಲ್ಲ ಕೀಳಲ್ಲ ಎಂದು ಕಣ್ಣಲ್ಲಿ ನೀರು ತಂದು ಹೇಳುತ್ತಿದ್ದ. ಹಿತ್ತಲ ಗೂಡಿನಲ್ಲಿ ಆಳುಗಳಿಗೆಂದು ಒಂದು ಬೇರೆ ಲೋಟವಿತ್ತು. ಎರಡೂ ಒಂದೇ ಮನೆಯಲ್ಲಿದ್ದವು. ಚಂದ್ರಾಮಪ್ಪ ಆ ಲೋಟವನ್ನು ಎಂದೂ ಮುಟ್ಟಿರಲಿಲ್ಲ, ತೆಗೆದೂ ಇಟ್ಟಿರಲಿಲ್ಲ.

ಆಟದ ಊರುಗಳಿಗೆ ಬೇಕಾದ ಹೆಸರು ಇಡಬಹುದಿತ್ತು. ನಕಾಶೆಯ ನಡುವೆ ಸೊಟ್ಟಗೆ ಹರಿದ ನದಿಯನ್ನು ಇಬ್ಬರೂ ಭೀಮೆ ಎಂದೇ ಕರೆದರು. ನದಿಯ ಈಚೆ ಆಳಂದ, ಅಫಜಲಪುರ ಚಂದ್ರಾಮಪ್ಪನ ನೀಲಿ. ಆಚೆ ಜೇವರ್ಗಿ, ಇಜೇರಿ ಹುಲೆಪ್ಪನ ಕೆಂಪು. ಚಂದ್ರಾಮಪ್ಪ ರಾಜಧಾನಿಗೆ ಮಾದನಹಿಪ್ಪರಗಾ ಎಂದು ಹೆಸರಿಟ್ಟ. ಇನ್ನೊಂದು ಸಣ್ಣ ಊರಿಗೆ, ಹುಲೆಪ್ಪ ಹೊರಗಿದ್ದಾಗ, ಕಿಣ್ಣಿ ಸುಲ್ತಾನ ಎಂದು ಇಟ್ಟ. ಯಾಕೆ ಇಟ್ಟೆ ಎಂದು ಆಗ ಕೇಳಿಕೊಳ್ಳಲಿಲ್ಲ. ಚೇಷ್ಟೆ ಎಂದುಕೊಂಡ. ಹುಲೆಪ್ಪ ನೋಡಿ, “ನಮ್ಮೂರು ನಿಮ್ಮ ಕೈಯಾಗ ಇಟಗೊಂಡೀರಿ? ಇರ್ಲಿ ಬಿಡ್ರಿ. ಜ್ವಾಕಿ ಮಾಡ್ರಿ ಮತ್ತ” ಎಂದಿದ್ದ. ಚಂದ್ರಾಮಪ್ಪ ಜೋಪಾನ ಮಾಡಲಿಲ್ಲ. ಗಡಿಯ ಸಿಪಾಯಿಗಳಿಗೆ ಕಾಳು ಸಾಲದಾದಾಗ ಪ್ರತಿ ಸರದಿಯಲ್ಲೂ ಕಿಣ್ಣಿ ಸುಲ್ತಾನದ ಕಣಜದಿಂದ ಎತ್ತಿ ಮಾದನಹಿಪ್ಪರಗಾಕ್ಕೆ ಸಾಗಿಸಿದ. ಹತ್ತು ಸರದಿ ಹಸಿದಿದ್ದ ಊರು ತಾನಾಗಿ ಎದುರಾಳಿಯ ಕಡೆ ಹೋಗುತ್ತದೆಂಬುದು ಆಟದ ನಿಯಮ. ಮಂಗಳವಾರ ಅವನ ಕಣ್ಣೆದುರೇ ಆ ಊರಿನ ಮೇಲಿನ ಬಾವುಟ ಒಮ್ಮೆ ಮಿನುಗಿ ಕೆಂಪಾಯಿತು. ತೋಪಿಲ್ಲ, ಮುತ್ತಿಗೆಯಿಲ್ಲ, ಸತ್ತವರಿಲ್ಲ. “ಏನ ಮೋಸ ಮಾಡಿದಿ?” ಎಂದು ಕೂಗಿದ. ಹುಲೆಪ್ಪ ಒಳಗೆ ಬಂದು ಪರದೆ ನೋಡಿದ. “ನಾ ಏನೂ ಮಾಡಿಲ್ರಿ ಅಣ್ಣಾರ. ಒಬ್ಬ ಸಿಪಾಯಿನ್ನೂ ಕಳಸಿಲ್ಲ. ನೀವು ಉಪಾಸ ಕೆಡವಿದ್ರಿ, ಅವ್ರು ಎದ್ದು ಬಂದ್ರು.” ಆಗ ಚಂದ್ರಾಮಪ್ಪನ ಬಾಯಿಂದ ಬಂದದ್ದು, “ನಿಮ್ಮ ಮಂದಿ ಬುದ್ಧಿನೇ ಇಷ್ಟು.” ಹುಲೆಪ್ಪ ಪರದೆಯಿಂದ ತಿರುಗಿ, “ಯಾವ ಮಂದಿರಿ? ಕೆಂಪ ಬಾವುಟದ ಮಂದಿ ಏನ್ರಿ?” ಎಂದ. ನಗುತ್ತಲೇ ಕೇಳಿದ್ದ. ಆ ನಗುವನ್ನು ಚಂದ್ರಾಮಪ್ಪ ಮೂರು ದಿನವಾದರೂ ಕ್ಷಮಿಸಿರಲಿಲ್ಲ.

ಹುಲೆಪ್ಪನಿಗೆ ಟೈಪಿಂಗ್ ಕಲಿಸಿದವನು ಅವನೇ. ಎರಡು ವರ್ಷದ ಹಿಂದೆ, ಎಸೆಸೆಲ್ಸಿ ಪಾಸಾದ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದಿದ್ದ ಹುಡುಗನ ಬೆರಳುಗಳನ್ನು ಒಂದೊಂದಾಗಿ ಕೀಲಿಗಳ ಮೇಲೆ ಇಟ್ಟು ತೋರಿಸಿದ್ದ. ಆಗ ಆ ಬೆರಳು ಹಿಡಿಯಲು ಒಂದು ಕ್ಷಣ ತಡೆದಿದ್ದ, ಆಮೇಲೆ ಹಿಡಿದಿದ್ದ, ಹಿಡಿದದ್ದಕ್ಕೆ ತನ್ನನ್ನು ತಾನೇ ಮೆಚ್ಚಿಕೊಂಡಿದ್ದ. ಈಗ ಯಂತ್ರ ಮುನಿಸಿಕೊಂಡರೆ ಏನು ಮಾಡಬೇಕೆಂದು ಹುಲೆಪ್ಪನೇ ಹೇಳಿಕೊಡುತ್ತಿದ್ದ, “ಅಣ್ಣಾರ, ಹಂಗಲ್ರಿ, ಹಿಂಗ” ಎಂದು, ಮರ್ಯಾದೆಯ ಒಂದಕ್ಷರವೂ ಕಡಿಮೆಯಾಗದ ಹಾಗೆ. ಆ ಮರ್ಯಾದೆ ಒಂದಿಷ್ಟು ಕಡಿಮೆಯಾಗಿದ್ದರೆ ಬೈಯಲಾದರೂ ಒಂದು ನೆಪ ಸಿಗುತ್ತಿತ್ತು.

ಸೆಂಟರಿಗೆ ಆ ತಿಂಗಳು ರೇಷನ್ ಕಾರ್ಡಿನ ಪಟ್ಟಿ ಟೈಪು ಮಾಡುವ ಕೆಲಸ ಬಂದಿತ್ತು. ಕೈಬರಹದ ರಿಜಿಸ್ಟರುಗಳು ಕಚೇರಿಯಿಂದ ಬರುತ್ತಿದ್ದವು. ಪ್ರತಿಯೊಬ್ಬರ ಹೆಸರೂ ಒಂದೊಂದು ಸಾಲಾಗಿ ಅಚ್ಚಾಗಿ ಹೋಗಬೇಕು. ಯಂತ್ರದೊಳಗಿನ ಡಿಸ್ಕು ಎರಡು ಸಲ ಕೆಟ್ಟು ನಂಬಿಕೆ ಕಳೆದುಕೊಂಡಿದ್ದರಿಂದ ಐದೈದು ಊರುಗಳನ್ನು ಒಂದೊಂದು ಫ್ಲಾಪಿಗೆ ತುಂಬುತ್ತಿದ್ದರು. ಅದಕ್ಕೆ ಹುಲೆಪ್ಪ ಒಂದು ಪದ್ಧತಿ ಮಾಡಿದ್ದ. ಒಂದು ಊರು ಟೈಪಾದ ಕೂಡಲೇ ಫ್ಲಾಪಿಯ ಚೀಟಿಯ ಮೇಲೆ ಅದರ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆಯುವುದು. ಇನ್ನೊಂದು ಫ್ಲಾಪಿಗೆ ಕಾಪಿ ಮಾಡಿದ ಮೇಲೆ ಅದೇ ಅಕ್ಷರಗಳ ಮೇಲೆ ಪೆನ್ನು ಓಡಿಸಿ ಮಸಿ ಹಾಕುವುದು. ಕಾಪಿ ಮಾಡುವುದೂ ಮಸಿ ಹಾಕುವುದೂ ಅವನದೇ ಕೆಲಸ. “ಪೆನ್ಸಿಲ್ ಅಂದ್ರ ಒಂದ ಜೀವ ಅದರಿ ಅಣ್ಣಾರ, ಮಸಿ ಅಂದ್ರ ಎರಡ” ಎನ್ನುತ್ತಿದ್ದ.

ಕಿಣ್ಣಿ ಸುಲ್ತಾನದ ರಿಜಿಸ್ಟರಿನಲ್ಲಿ ಕೊನೆಯ ಅರವತ್ತೊಂದು ಮನೆಗಳು ಹುಲೆಪ್ಪನ ಕೇರಿಯವು. ಉಳಿದ ಓಣಿಗಳ ಹೆಂಗಸರಿಗೆಲ್ಲ ಹೆಸರಿತ್ತು. ಆ ಕೇರಿಗೆ ಬಂದಾಗ, ಬರೆದವರಿಗೆ ದಣಿವಾಗಿತ್ತೋ ಏನೋ, ಗಂಡಸರು ಹೊಲದ ಒಡೆಯರು ಕರೆಯುವ ಹಾಗೆ ಹುಲ್ಯಾ, ದಶ್ರ್ಯಾ ಎಂದಾಗಿದ್ದರು. ಹೆಂಗಸರು ‘ಹೆಂಡತಿ 1’, ‘ತಾಯಿ 1’. ಇದ್ದದ್ದು ಇದ್ದ ಹಾಗೆ ಹೊಡಿ ಎಂದು ಚಂದ್ರಾಮಪ್ಪ ಹೇಳಿದ. ಹುಲೆಪ್ಪ ಕೀಲಿಮಣೆಯಿಂದ ಕೈ ತೆಗೆದ. “ಹೆಸರಿನ ಜಾಗಾದಾಗ ಹೆಂಡತಿ ಅಂತ ಹ್ಯಾಂಗ ಹೊಡಿಲ್ರಿ? ಅದೇನ ಹೆಸರೇನ್ರಿ?” ಅವನು ಭಾನುವಾರ ಒಂದು ನೋಟಬುಕ್ಕು ಹಿಡಿದು ತನ್ನ ಕೇರಿಯಲ್ಲೇ ಮನೆಮನೆಗೆ ಹೋಗಿ, ನಿನ್ನ ಹೆಸರೇನವ್ವ ಎಂದು ಕೇಳಿಕೊಂಡು ಬಂದ. ಮುದುಕಿಯರು ನಾಚಿದರಂತೆ. ಒಬ್ಬಳಿಗೆ ಬೇಗ ನೆನಪಾಗಲಿಲ್ಲವಂತೆ. ತವರಿನವರು ಸತ್ತ ಮೇಲೆ ಆ ಹೆಸರು ಹಿಡಿದು ಕರೆದವರೇ ಇರಲಿಲ್ಲವಂತೆ. ಹುಲೆಪ್ಪ ಇದನ್ನು ಹೇಳುವಾಗ ಚಂದ್ರಾಮಪ್ಪ ಊಟದ ಡಬ್ಬಿ ಬಿಚ್ಚುತ್ತಿದ್ದ, ತಲೆ ಎತ್ತಲಿಲ್ಲ. ನಾಲ್ಕು ದಿನ ಹುಲೆಪ್ಪ ಒಂದೊಂದೇ ಸಾಲು ಹೊಡೆದ. ಗುರುವಾರ ಸಂಜೆ ಕರೆದ: “ಬರ್ರಿ ಅಣ್ಣಾರ, ನಮ್ಮವ್ವ ಪರದಾ ಮ್ಯಾಲ ಬಂದಾಳ ನೋಡ್ರಿ.” ಪರದೆಯಲ್ಲಿ ‘ಮರೆಮ್ಮ’ ಎಂದಿತ್ತು.

ಮರೆಮ್ಮನನ್ನು ಚಂದ್ರಾಮಪ್ಪ ಒಮ್ಮೆ ನೋಡಿದ್ದ. ದೀಪಾವಳಿ ಮುಗಿದ ಮೇಲೆ ಒಂದು ಮಧ್ಯಾಹ್ನ ಮೆಟ್ಟಿಲ ಬುಡದಲ್ಲಿ ಬುತ್ತಿ ಹಿಡಿದು ನಿಂತಿದ್ದಳು. ಯಾರು ಎಂದು ಕೇಳಿದ್ದಕ್ಕೆ “ಹುಲೆಪ್ಪನ ಅವ್ವರಿ” ಎಂದಳು. ಹೆಸರು ಕೇಳಿದ, ಸುಮ್ಮನೆ, ಮಗನಿಗೆ ತಿಳಿಸಲು. ಅವಳು ಸೆರಗು ಬಾಯಿಗೆ ಒತ್ತಿ ನಕ್ಕು, “ನನ್ನ ಹೆಸರು ತಗೊಂಡು ಏನ ಮಾಡ್ತೀರಿ ಯಪ್ಪಾ? ಮರೆಮ್ಮರಿ” ಎಂದಿದ್ದಳು. ಬುತ್ತಿಯಲ್ಲಿ ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹಿಂಡಿ, ಇಬ್ಬರಿಗೂ ಆಗುವಷ್ಟು. ಚಂದ್ರಾಮಪ್ಪ ಹೊಟ್ಟೆ ತುಂಬಿದೆ ಎಂದ. ಮರುದಿನವೂ ಎಂದ. ಆಮೇಲೆ ಹುಲೆಪ್ಪ ಅವನನ್ನು ಊಟಕ್ಕೆ ಕರೆಯುವುದನ್ನು ಬಿಟ್ಟ.

ಹನ್ನೆರಡಕ್ಕೆ ಸರಿಯಾಗಿ ಲೈಟು ಹೋಯಿತು. ದಿನವೂ ಎರಡರವರೆಗೆ ಹೋಗುತ್ತಿತ್ತು. ಕಿಣ್ಣಿ ಸುಲ್ತಾನದ ನಾಲ್ಕನೆಯ ಬಾಗಿಲಿಗೆ ಸಿಪಾಯಿಗಳನ್ನು ತರುವ ಭರದಲ್ಲಿ ಅವನು ಗಡಿಯಾರ ನೋಡಿರಲಿಲ್ಲ. ಫ್ಯಾನು ನಿಂತಿತು. ಮೇಜಿನ ಕೆಳಗಿನ ಬ್ಯಾಟರಿ ಪೆಟ್ಟಿಗೆ ಪೀಂ ಪೀಂ ಎಂದು ಕಿರುಚತೊಡಗಿತು. ಅದು ಕಿರುಚಿದರೆ ಐದು ನಿಮಿಷ, ಆಮೇಲೆ ಎಲ್ಲ ಕತ್ತಲು. ಒಂದು ತಿಂಗಳ ಯುದ್ಧದಲ್ಲಿ ಅವನ ಕೈ ಮೇಲಾಗಿದ್ದು ಅದೇ ಮೊದಲು. ಊರಿನ ಸುತ್ತ ನೀಲಿ ತುಂಬಿತ್ತು. ಅವನು ಸರದಿ ಮುಗಿಸಿ, ಆಟವನ್ನು ಉಳಿಸಲು ಒತ್ತಿದ. ಆಟದ ಫ್ಲಾಪಿ ಗರಗರ ಎಂದು, ಬರೆಯಲಾಗದು ಎಂದಿತು. ಮತ್ತೆ ಒತ್ತಿದ. ಮತ್ತೆ ಅದೇ. ಕೈಗೆ ಸಿಕ್ಕಿದ್ದು ಫ್ಲಾಪಿಗಳ ಡಬ್ಬಿಯ ಮೇಲಿದ್ದ ಪಟ್ಟಿಯ ಫ್ಲಾಪಿ. ಆಟದ್ದನ್ನು ತೆಗೆದು ಅದನ್ನು ತುರುಕಿದ. ಜಾಗವಿಲ್ಲ ಎಂದಿತು. ಅದರಲ್ಲಿದ್ದ ಐದು ಕಡತಗಳ ಹೆಸರು ತೋರಿಸಿ, ಯಾವುದನ್ನು ಅಳಿಸಲಿ ಎಂದು ಕೇಳಿತು. ಮೊದಲನೆಯದು ಮಾದನಹಿಪ್ಪರಗಾ. ಅದಕ್ಕೆ ಕಾಪಿ ಇತ್ತು. ಎರಡನೆಯದಕ್ಕೆ, ಮೂರನೆಯದಕ್ಕೆ, ನಾಲ್ಕನೆಯದಕ್ಕೆ ಕಾಪಿ ಇತ್ತು. ಐದನೆಯದು ಕಿಣ್ಣಿ ಸುಲ್ತಾನ. “ಅಣ್ಣಾರ, ಲೈಟ್ ಹೋತಲ್ರಿ, ಬರ್ಲಿ ಏನ?” ಎಂದು ಹೊರಗಿನಿಂದ ಕೇಳಿತು. “ಬರಬ್ಯಾಡ!” ಎಂದ. ಬೆರಳು ಕೆಳಬಾಣದ ಕೀಲಿಯನ್ನು ನಾಲ್ಕು ಸಲ ಒತ್ತಿ, ನಿಂತು, ಇನ್ನೊಂದು ಕೀಲಿ ಒತ್ತಿತು. ನಾಲ್ಕು ಸಲ. ಇದನ್ನು ಅವನು ಆಮೇಲೆ ಎಷ್ಟೋ ಬಾರಿ ಎಣಿಸಿ ನೋಡಿದ್ದಾನೆ. ಒಂದೂ ಸಲ ಒತ್ತದಿದ್ದರೆ ಅವನದೇ ಊರು ಅಳಿಯುತ್ತಿತ್ತು, ಯಾರಿಗೂ ಏನೂ ಆಗುತ್ತಿರಲಿಲ್ಲ. ಯುದ್ಧ ಉಳಿಯಿತು. ಪರದೆ ಆರಿತು.

ಕತ್ತಲಾದ ಯಂತ್ರದಿಂದ ಫ್ಲಾಪಿ ಹೊರತೆಗೆದಾಗ ಚೀಟಿ ಕಣ್ಣಿಗೆ ಬಿತ್ತು. ನಾಲ್ಕು ಹೆಸರು ನೀಲಿ ಮಸಿಯಲ್ಲಿ, ಐದನೆಯದು ಪೆನ್ಸಿಲ್ಲಿನಲ್ಲಿ, ತೆಳ್ಳಗೆ. ಅಷ್ಟರಲ್ಲಿ ಕೆಳಗಿನಿಂದ ಸೆಂಟರಿನ ಮಾಲೀಕ ದೌಲತರಾಯ, ಗೊಬ್ಬರದ ಅಂಗಡಿಯೂ ಅವನದೇ, ಹುಲೆಪ್ಪನನ್ನು ಕೂಗಿದ: ಪ್ರಿಂಟರಿನ ರಿಬ್ಬನ್ ಮುಗಿದಿದೆ, ಗುಲಬರ್ಗಾಕ್ಕೆ ಹೋಗಿ ತಾ, ಅಲ್ಲಿಂದ ಹಾಗೇ ಮನೆಗೆ ಹೋಗು. ಹುಲೆಪ್ಪ ಬಾಗಿಲಲ್ಲಿ ಇಣುಕಿದ. “ನನ್ನ ಸರದಿ ಬಾಕಿ ಉಳೀತ್ರಿ ಅಣ್ಣಾರ. ಕಿಣ್ಣಿ ಸುಲ್ತಾನ ಕಾಪಿ ಆಗಿಲ್ಲ, ನಾಳಿ ಮುಂಜಾನಿ ಬಂದು ಮಾಡ್ತೇನಿ. ಅದರ ಮ್ಯಾಲ ಏನೂ ಇಡಬ್ಯಾಡ್ರಿ ಮತ್ತ.” ಹೇಳಬೇಕಾದ ಮಾತು ಆಗ ನಾಲಗೆಯ ಮೇಲೇ ಇತ್ತು. ಹೇಳಿದ್ದರೆ ಹುಲೆಪ್ಪ ಬೈಯುತ್ತಿದ್ದ, ಇಲ್ಲ ನಗುತ್ತಿದ್ದ. ಅವತ್ತೇ ಊರಿಗೆ ಹೋಗಿ ನೋಟಬುಕ್ಕು ತರುತ್ತಿದ್ದ. ಶನಿವಾರ ಇಬ್ಬರೂ ಕೂತು ಹೊಡೆದರೆ ಮುಗಿಯುತ್ತಿತ್ತು. ಚಂದ್ರಾಮಪ್ಪ “ಹ್ಞೂಂ” ಎಂದ. ಬಸ್ಸು ಹೋದ ಮೇಲೆ ಪೆನ್ನು ತೆಗೆದು, ಹುಲೆಪ್ಪನ ಪೆನ್ಸಿಲ್ ಅಕ್ಷರಗಳ ಮೇಲೆ, ಒತ್ತಕ್ಷರ ಕೊಂಬು ಒಂದೂ ತಪ್ಪದ ಹಾಗೆ, ನಿಧಾನವಾಗಿ ಮಸಿ ಹಾಕಿದ. ಮೊದಲಿನಿಂದಲೂ ಅಕ್ಷರ ಅಚ್ಚುಕಟ್ಟೆಂದು ಹೆಸರು ಪಡೆದ ಕೈ ಅದು. ಎರಡಕ್ಕೆ ಲೈಟು ಬಂತು. ಆರರವರೆಗೆ ಅವನು ರಿಜಿಸ್ಟರಿನ ಮುಂದೆ ಕೂತು, ಮರುದಿನ ಹೇಳಬೇಕಾದ ಮಾತನ್ನು ಬೇರೆಬೇರೆಯಾಗಿ ಜೋಡಿಸಿದ. ಎಲ್ಲ ಜೋಡಣೆಯಲ್ಲೂ ತಪ್ಪು ಯಂತ್ರದ್ದಾಗುತ್ತಿತ್ತು.

ಶನಿವಾರ ಹುಲೆಪ್ಪ ರಿಬ್ಬನ್ ಹಿಡಿದು ಮೆಟ್ಟಿಲೇರುವಾಗ ದೌಲತರಾಯ ಆಗಲೇ ಫ್ಲಾಪಿಯ ಡಬ್ಬಿ ಹರವಿಕೊಂಡು ನಿಂತಿದ್ದ. ನಾಲ್ಕಕ್ಕೆ ಕಚೇರಿಯ ಜೀಪು ಬರುತ್ತದೆ. ಕಿಣ್ಣಿ ಸುಲ್ತಾನ ಎಲ್ಲಿಯೂ ಇಲ್ಲ. ಮೂಲದಲ್ಲೂ ಇಲ್ಲ, ಕಾಪಿಯಲ್ಲೂ ಇಲ್ಲ.

“ಮಸಿ ಹಾಕೀದಿ. ಕಾಪಿ ಎಲ್ಲದಲೇ?”

“ನಾ ಪೆನ್ಸಿಲ್‌ಲೇ ಬರದಿದ್ನಿರಿ ಸಾವಕಾರ್ರ.”

“ಹೌದೇನು? ಹಂಗಾದ್ರ ಇದೇನು, ನಿಮ್ಮಜ್ಜನ ಪೆನ್ಸಿಲ್ಲೇನು?” ದೌಲತರಾಯ ಚೀಟಿಯನ್ನು ಅವನ ಮೂಗಿನ ಹತ್ತಿರ ಹಿಡಿದ. “ನಾಕ ಅಕ್ಷರ ಕಲತ್ರಿ ಅಂದ್ರ ಮೈಮ್ಯಾಲ ಎಚ್ಚರ ಇರಂಗಿಲ್ಲ ನಿಮಗ. ಏ ಚಂದ್ರಾಮ, ನೀ ಹೇಳಪಾ. ಇದು ಪೆನ್ಸಿಲ್ಲೋ ಮಸಿಯೋ?”

ಚಂದ್ರಾಮಪ್ಪ ಚೀಟಿ ನೋಡಿದ. ಹುಲೆಪ್ಪ ಚಂದ್ರಾಮಪ್ಪನನ್ನು ನೋಡಿದ.

“ಮಸಿ ಕಾಣಸ್ತದರಿ” ಎಂದ ಚಂದ್ರಾಮಪ್ಪ. ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಹುಲೆಪ್ಪ ವಾದ ಮಾಡಲಿಲ್ಲ. ನೋಟಬುಕ್ಕು ಊರಲ್ಲಿದೆ, ಹೋಗಿ ತರುತ್ತೇನೆ, ಅಲ್ಲಿಯವರೆಗೆ ಆ ಕೇರಿಯೊಂದನ್ನು ಬಿಟ್ಟು ಉಳಿದದ್ದು ಹೊಡೆಯಿರಿ ಎಂದಷ್ಟೇ ಹೇಳಿದ. “ತಂದ್ರೂ ಅಷ್ಟ, ಬಿಟ್ರೂ ಅಷ್ಟ. ಸೋಮಾರದಿಂದ ನೀ ಬರಬ್ಯಾಡ” ಎಂದ ದೌಲತರಾಯ. ಹುಲೆಪ್ಪ ಮೆಟ್ಟಿಲನ್ನು ಎರಡೆರಡಾಗಿ ಇಳಿದು ಬಸ್ಸಿಗೆ ಓಡಿದ. ದೌಲತರಾಯ ರಿಜಿಸ್ಟರನ್ನು ಚಂದ್ರಾಮಪ್ಪನ ಮುಂದೆ ಹಾಕಿ, “ಇದ್ದಂಗ ಹೊಡಿ. ಮೂರೂವರಿಗಿ ಪ್ರಿಂಟ್ ಆಗಬೇಕು” ಎಂದ. ಆವತ್ತು ಯಂತ್ರಕ್ಕೆ ಕೆಳಗಿನ ಅಂಗಡಿಯ ಜನರೇಟರಿನಿಂದ ತಂತಿ ಎಳೆದಿದ್ದರು.

ಚಂದ್ರಾಮಪ್ಪ ಹೊಡೆದ. ಗುಲಬರ್ಗಾದ ಪರೀಕ್ಷೆಯಲ್ಲಿ ವೇಗಕ್ಕೆ ಮೊದಲ ಬಹುಮಾನ ಪಡೆದವನು. ಆ ವೇಗ ಅವನಿಗಿದ್ದ ಒಂದೇ ಹೆಮ್ಮೆ. ಕೈ ಓಡತೊಡಗಿದರೆ ತಡೆಯುವುದು ಅವನಿಗೆ ಗೊತ್ತಿರಲಿಲ್ಲ ಎಂದು ಹೇಳಬಹುದು. ಆದರೆ ಗೊತ್ತಿತ್ತು, ಮಸಿ ಹಾಕುವಾಗ ಅದೇ ಕೈ ಎಷ್ಟು ನಿಧಾನವಾಗಿತ್ತು! ಮೇಲಿನ ಓಣಿಗಳು ಮುಗಿದು ಎರಡೂಮುಕ್ಕಾಲಿಗೆ ಕೇರಿ ಬಂತು. ಹೆಂಡತಿ. ಹೆಂಡತಿ. ತಾಯಿ. ಹೆಂಡತಿ. ಸಾಲುಸಾಲಿಗೂ ಅದೇ ಪದ ಬರುವುದರಿಂದ ಬೆರಳಿಗೆ ಸುಲಭವಾಗಿ, ವೇಗ ಇನ್ನೂ ಹೆಚ್ಚಿತು. ನಡುವೆ ‘ಹುಲ್ಯಾ, ತಾಯಿ 1’ ಎಂದು ಬಂತು. ಅವನು ಹುಲ್ಯಾ ಎಂದು ಹೊಡೆದ. ಮುಂದಿನ ಸಾಲಿನಲ್ಲಿ, ಯಾರೂ ಹೇಳದಿದ್ದರೂ, ಮರೆಮ್ಮ ಎಂದು ಹೊಡೆದ. ಹೊಡೆದು ನೋಡಿದ. ಮೇಲೆ ಮೂವತ್ತು ಸಾಲು ಹೆಂಡತಿ, ತಾಯಿ. ನಡುವೆ ಒಂದೇ ಒಂದು ಹೆಸರು, ದಾರಿ ತಪ್ಪಿ ಯಾರದೋ ಮನೆಯಂಗಳದಲ್ಲಿ ನಿಂತವಳ ಹಾಗೆ. ಒಂದು ಸಾಲಿನಲ್ಲಿ ಹೆಸರಿದ್ದರೆ ಉಳಿದ ಸಾಲುಗಳ ಬಗ್ಗೆ ಕೇಳುತ್ತಾರೆ. ಈ ಹೆಸರು ನಿನಗೆ ಹೇಗೆ ಗೊತ್ತಾಯಿತು ಎನ್ನುತ್ತಾರೆ. ಪಟ್ಟಿ ಎಲ್ಲ ಕಡೆ ಒಂದೇ ರೀತಿ ಇರಬೇಕು. ಅವನು ಅದನ್ನು ಅಕ್ಷರ ಅಕ್ಷರವಾಗಿ ಅಳಿಸಿ ‘ತಾಯಿ’ ಎಂದು ಹೊಡೆದ. ಮೂರು ಇಪ್ಪತ್ತಕ್ಕೆ ಪಟ್ಟಿ ಮುಗಿಯಿತು. ಜೀಪು ಬಂದದ್ದು ನಾಲ್ಕೂವರೆಗೆ. ಒಂದು ಗಂಟೆ ಹತ್ತು ನಿಮಿಷ ಅವನು ಸುಮ್ಮನೆ ಕೂತಿದ್ದ. ದೌಲತರಾಯ ಬೆನ್ನು ತಟ್ಟಿ, ಪಟ್ಟಿ ಹಿಡಿದು ಜೀಪಿನಲ್ಲೇ ಹೋದ.

ಐದು ದಾಟಿದ ಮೇಲೆ ಹುಲೆಪ್ಪ ಬಂದ. ಬಸ್ಸು ಕೆಟ್ಟಿತ್ತೋ, ಸಿಗಲಿಲ್ಲವೋ, ಅವನು ಹೇಳಲಿಲ್ಲ. ಮೊಣಕಾಲಿನವರೆಗೆ ಧೂಳು. ಕೈಯಲ್ಲಿ ನೋಟಬುಕ್ಕು, ಬೆವರಿಗೆ ಅದರ ರಟ್ಟು ಬಾಗಿತ್ತು. ಖಾಲಿ ಪ್ರಿಂಟರನ್ನೊಮ್ಮೆ ನೋಡಿದ.

“ಹೋತೇನ್ರಿ?”

“ಹೋತು.”

“ಹ್ಯಾಂಗ ಹೊಡದ್ರಿ?”

“ಇದ್ದಂಗ.”

ಹುಲೆಪ್ಪ ತಲೆಯಾಡಿಸಿದ. ಕುರ್ಚಿಯ ಹತ್ತಿರ ಬಂದು ನಿಂತ. ಚಂದ್ರಾಮಪ್ಪ ತಾನಾಗಿ ಎದ್ದ. “ನನ್ನ ಸರದಿ ಬಾಕಿ ಅದ ಅಲ್ರಿ ಅಣ್ಣಾರ” ಎಂದ ಹುಲೆಪ್ಪ. ಆಟದ ಫ್ಲಾಪಿಯಿಂದ ಆಟ ಎಬ್ಬಿಸಿದ. ಆಮೇಲೆ ಅದನ್ನು ಹೊರತೆಗೆದು, ಡಬ್ಬಿಯಲ್ಲಿ ಹುಡುಕದೆ, ಕೇಳದೆ, ಐದು ಊರುಗಳ ಆ ಫ್ಲಾಪಿಯನ್ನು ಎತ್ತಿ ಒಳಗೆ ಹಾಕಿದ. ಚಂದ್ರಾಮಪ್ಪ ಒಂದು ಹೆಜ್ಜೆ ಮುಂದಿಟ್ಟ. “ಹುಲೆಪ್ಪ—” ಎಂದ.

“ಗ್ವಾಡಿ ಕಡಿ ಮಾರಿ ಮಾಡ್ರಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ‘ರಿ’ ಇತ್ತು, ‘ಅಣ್ಣಾರ’ ಇರಲಿಲ್ಲ. ಚಂದ್ರಾಮಪ್ಪ ತಿರುಗಿ ನಿಂತ. ಎದುರಿನ ಸುಣ್ಣ ಅಂಗೈಯಷ್ಟು ಅಗಲಕ್ಕೆ ಸಿಪ್ಪೆ ಎದ್ದಿತ್ತು. ಒಳಗಿನ ಮಣ್ಣು ಕಾಣುತ್ತಿತ್ತು. ಹಿಂದೆ ಕೀಲಿಗಳ ಸದ್ದು. ಮೊದಲು ಬಿಡಿಬಿಡಿಯಾಗಿ, ಆಮೇಲೆ ಬೇಗಬೇಗ, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಎದ್ದು ಬಂದು ತನ್ನನ್ನು ಹೊಡೆಯುತ್ತಾನೆ ಎಂದು ಚಂದ್ರಾಮಪ್ಪ ಕಾದ. ಹೊಡೆದರೆ ಸಾಕಾಗಿತ್ತು. ಮತ್ತೆ ಒಂದೇ ಒಂದು ಕೀಲಿಯ ಸದ್ದು. ಕುರ್ಚಿ ಸರಿಯಿತು. ಮೆಟ್ಟಿಲ ಮೇಲೆ ಚಪ್ಪಲಿ, ಈ ಸಲ ಒಂದೊಂದಾಗಿ. ಕೆಳಗೆ ಸುಲ್ತಾನಬಿ “ಗೆದ್ದೇನೋ ಹುಲೆಪ್ಪಾ?” ಎಂದಳು. ಎಷ್ಟು ಹೊತ್ತು ಗೋಡೆ ನೋಡುತ್ತ ನಿಂತನೋ ತಿಳಿಯದು. ತಿರುಗಿದಾಗ ನೋಟಬುಕ್ಕು ಮೇಜಿನ ಮೇಲಿರಲಿಲ್ಲ. ಪರದೆ ಕಪ್ಪಾಗಿತ್ತು. ಒಂದನೆಯ ಆಟಗಾರ ಕೂತು ಯಾವುದಾದರೊಂದು ಕೀಲಿ ಒತ್ತಲಿ ಎಂದು ಬರೆದಿತ್ತು.

ಅವನು ಒತ್ತಲಿಲ್ಲ. ನಾನು ಒತ್ತಲಿಲ್ಲ. ಎರಡು ವರ್ಷವಾಯಿತು. ಹುಲೆಪ್ಪ ಸೋಲಾಪುರದ ಕಡೆ ಹೋದನೆಂದು ಒಬ್ಬರು, ಜೇವರ್ಗಿಯಲ್ಲಿ ಯಾವುದೋ ಅಂಗಡಿಯಲ್ಲಿದ್ದಾನೆಂದು ಇನ್ನೊಬ್ಬರು ಹೇಳಿದರು. ನಾನು ಹುಡುಕಿ ಹೋಗಲಿಲ್ಲ. ಅವನು ಹೋಗುವ ಮುನ್ನ ಆಟವನ್ನು ಉಳಿಸಿಯೇ ಹೋಗಿದ್ದ. ಆ ಫ್ಲಾಪಿ ನನ್ನ ಟ್ರಂಕಿನಲ್ಲಿದೆ. ಚೀಟಿಯ ಮಸಿ ಈಗ ಸ್ವಲ್ಪ ಮಾಸಿ, ಓರೆಯಾಗಿ ಹಿಡಿದರೆ ಅಡಿಯಲ್ಲಿ ಪೆನ್ಸಿಲ್ಲಿನ ಗೆರೆ ಮಿಂಚುತ್ತದೆ. ನನ್ನ ಸೈನ್ಯದ ನಡುವೆ ಸಿಕ್ಕಿದ್ದ ತನ್ನ ಊರನ್ನು ಅವನು ಆ ಸರದಿಯಲ್ಲಿ ಏನು ಮಾಡಿದ, ಬಿಟ್ಟುಕೊಟ್ಟನೋ, ಕಾದನೋ, ನನ್ನ ರಾಜಧಾನಿಗೇ ಬೆಂಕಿ ಇಟ್ಟನೋ, ಗೊತ್ತಿಲ್ಲ. ಮೇಲೆ ನಾಲ್ಕು ಊರುಗಳಿದ್ದಾಗ ನನ್ನ ಬೆರಳು ಐದನೆಯದಕ್ಕೆ ಯಾಕೆ ಇಳಿಯಿತು, ಅದೂ ಗೊತ್ತಿಲ್ಲ; ಗೊತ್ತಿದೆ ಎಂದು ಕೆಲವು ದಿನ ಅನ್ನಿಸುತ್ತದೆ, ಆ ದಿನಗಳಲ್ಲಿ ನಾನು ಟ್ರಂಕು ತೆಗೆಯುವುದಿಲ್ಲ. ಆ ಅರವತ್ತೊಂದು ಮನೆಗಳ ಹೆಂಗಸರಲ್ಲಿ ಒಬ್ಬಳ ಹೆಸರು ನನಗೆ ಗೊತ್ತು. ಉಳಿದವರ ಹೆಸರು ಏನೆಂದು ಗೊತ್ತಿಲ್ಲ.